ಬೆಳ್ಳಿ ಕೋಟಿನ ಬಲ ಬಗಲು

ಬಲಗೈ ಅಕ್ಕಾ, ಬಲಗೈ! ಎಷ್ಟು ಸಲ ಹೇಳ್ಲಿ? ನಾಳೆ ನಾನು ಎತ್ತೋದು ಬಲಗೈ. ಆಗ್ಲೂ ಬಲಗೈ ಅಂತಾನೇ ಹೇಳಿದ್ದೆ, ಈಗ್ಲೂ ಬಲಗೈ ಅಂತಾನೇ ಹೇಳ್ತಿದೀನಿ. ನೀನ್ಯಾಕೆ ಎಡತೋಳು ಹಿಡ್ಕೊಂಡು ನನ್ನ ಮುಖ ನೋಡ್ತೀಯಾ? ...ಹಾಂ, ಸರಿ ಸರಿ, ಮಾತಾಡ್ಬೇಡ. ಬಾಯ್ತುಂಬ ಗುಂಡುಪಿನ್ನು ಕಚ್ಕೊಂಡಿದೀಯಾ, ಮಾತಾಡೋಕೆ ಹೋಗಿ ನುಂಗಿಬಿಟ್ಟೀಯಾ. ಅಮ್ಮ ಹೇಳ್ತಿದ್ಲಲ್ಲ, ಈ ಹುಡುಗಿ ಬಾಯಿಗೆ ಪಿನ್ನು ಹಾಕಿದ್ರೇನೇ ಮನೇಲಿ ಶಾಂತಿ ಅಂತ. ...ಹೂಂ, ಗುದ್ದು. ನಿನ್ನ ತಮ್ಮನಿಗೆ ಬೆನ್ನು ಇರೋದೇ ಅದಕ್ಕೆ.

ನೋಡು, ಹೊಟ್ಟೆ ಕಡೆ ಬಿಡ್ಸು, ಬೆನ್ನಿನ ಕಡೆ ಬಿಡ್ಸು, ತೋಳು ನಾಲ್ಕು ಬೆರಳು ಉದ್ದ ಮಾಡು. ಹದಿನೇಳು ವರ್ಷದ ಕಡ್ಡಿಪೈಲ್ವಾನಂಗೆ ಹೊಲಿದ ಕೋಟು, ಐವತ್ತೇಳರ ಈ ಗುಡಾಣಕ್ಕೆ ಹತ್ತಬೇಕಲ್ಲ. ಬಲಗಡೆ ಬಗಲು ಮಾತ್ರ ಬಿಚ್ಬೇಡ. ಮೇಲಿಂದಾನೇ ಒಂಚೂರು ಸಡಿಲ ಮಾಡು ಸಾಕು. ...ಯಾಕೆ ಅಂದ್ರೆ? ಹಳೇ ಬಟ್ಟೆ, ಒಳಗೆ ಕೈ ಹಾಕಿದ್ರೆ ಸೀಳುತ್ತೆ ಅಂತ. ಇನ್ನೇನಿದೆ ಅದರೊಳಗೆ, ನಿಧೀನಾ?

ನಗ್ಬೇಡ, ಪಿನ್ನು ಬೀಳುತ್ತೆ.

ಸುಳ್ಳು ಯಾಕೆ ಹೇಳ್ಲಿ, ಮೊದಲು ಬಸ್‌ಸ್ಟ್ಯಾಂಡ್ ಪಕ್ಕದ ಟೈಲರ್ ಹತ್ರ ಹೋಗಿದ್ದೆ. ಅವನು ಕೋಟು ಮುಟ್ಟಿ ನೋಡ್ದ. "ಇದು ಕೋಟಿನ ಬಟ್ಟೆ ಅಲ್ಲ ಮೇಷ್ಟ್ರೇ, ಪರದೆ ಬಟ್ಟೆ. ಹೊಲಿದೋರೇ ಬಿಚ್ಬೇಕು. ಉಲ್ಟಾ ಟೈಲರ್ ಹತ್ರ ಹೋಗಿ" ಅಂದ. ನೀನು ನನ್ನ ಒಡಹುಟ್ಟಿದೋಳು ಅಂತ ಪಾಪ ಅವನಿಗೆ ಗೊತ್ತಿಲ್ಲ. ನಾನೂ ಹೇಳ್ಲಿಲ್ಲ... ಏನಂತ ಹೇಳೋದು? ಕಾಲರ್ ಸವೆದ ಅಂಗಿ ತಂದ್ರೆ ತಿರುಗಿಸಿ ಹೊಸದು ಮಾಡಿ ಕೊಡ್ತಾಳೆ, ಅದಕ್ಕೇ ಉಲ್ಟಾ ಟೈಲರ್ ಅಂತ ಹೆಸರು ಅಂದ್ಕೊಂಡಿದಾನೆ ಅವನು. ಒಳ್ಳೇದೇ ಆಯ್ತು ಬಿಡು. ಹಂಗೇ ಅಂದ್ಕೊಳ್ಳಲಿ.

ಏನು, ನೆಟ್ಟಗೆ ನಿಂತ್ಕೋ ಅಂತೀಯಾ? ನಿಂತಿದೀನಲ್ಲ. ಕಾಲು ಅದರಷ್ಟಕ್ಕೇ ಆಡುತ್ತೆ, ನಾನೇನು ಮಾಡ್ಲಿ? ಬೆಳಗ್ಗಿಂದ ಹಿಂಗೇ. ಒಂದ್ ಕಡೆ ಕೂರಕ್ಕಾಗ್ತಿಲ್ಲ. ಇವಳು ಅಂತಾಳೆ, "ಮೂವತ್ತು ವರ್ಷದಿಂದ ಊರಿಗೆಲ್ಲ ಕುಣಿಯೋಕೆ ಕಲಿಸಿದೀರಿ, ನಾಳೆ ಎರಡು ನಿಮಿಷ ಕುಣಿಯೋಕೆ ಇಷ್ಟು ನಡುಕಾನಾ?" ಅಂತ. ನಡುಕ ಕುಣಿಯೋದಕ್ಕಲ್ಲ. ಎಲ್ಲದಕ್ಕೂ ಹೆಂಡ್ತಿ ಹತ್ರ ಉತ್ತರ ಕೊಡೋಕಾಗುತ್ತಾ?

ನಾಳೆ ಮಧ್ಯಾಹ್ನದ ಆಟ. ಸಿನಿಮಾ ಬಂದು ನಲವತ್ತು ವರ್ಷ ಅಂತ ಟಾಕೀಸು ತುಂಬ ದೀಪ ಹಾಕ್ಸಿದಾರೆ. ಇಂಟರ್‌ವಲ್‌ನಲ್ಲಿ ಮಾಲೀಕರ ಸೊಸೆ ನನ್ನ ಸ್ಟೇಜಿಗೆ ಕರೀತಾಳೆ, ಒಂದು ಶಾಲು ಹೊದಿಸ್ತಾಳೆ, "ಈ ಊರಿಗೆ ಡಿಸ್ಕೋ ತಂದೋರು ನಮ್ಮ ಲಿಫ್ಟ್ ಮೇಷ್ಟ್ರು" ಅಂತ ಹೇಳ್ತಾಳೆ, ನಾನು ಆ ಒಂದು ಹೆಜ್ಜೆ ಹಾಕಿ ಕೆಳಗಿಳಿಯೋದು. ಅಷ್ಟೆ. ನಿಂಗೂ ಮುಂದಿನ ಸಾಲಲ್ಲಿ ಸೀಟು ಇಟ್ಟಿದೀನಿ. ...ತಲೆ ಆಡಿಸ್ಬೇಡ. ಬರ್ಬೇಕು. ಊರಲ್ಲಿ ಆ ಸಿನಿಮಾ ನೋಡ್ದೇ ಇರೋಳು ನೀನೊಬ್ಳೇ ಇರ್ಬೇಕು. ಆಗ ಅಮ್ಮ ಬಿಡ್ಲಿಲ್ಲ, ಮಿಷನ್ ಬಿಡ್ಲಿಲ್ಲ. ಆಮೇಲೆ... ಆಮೇಲೆ ನೀನೇ ಬರ್ಲಿಲ್ಲ.

ಅದರಲ್ಲಿ ಅಂಥದ್ದೇನಿದೆ ಅಂತ ಹುಬ್ಬು ಹಾರಿಸ್ತೀಯಾ? ಎಲ್ರೂ ಕೇಳೋದು ಅದನ್ನೇ. ವರ್ಷಕ್ಕೊಂದ್ ಸಲ ಹಾಕ್ತಾರೆ, ವರ್ಷಕ್ಕೊಂದ್ ಸಲ ಹೌಸ್‌ಫುಲ್. ಅಜ್ಜಂದಿರು ಬರ್ತಾರೆ, ಮೊಮ್ಮಕ್ಕಳು ಬರ್ತಾರೆ. ಕಥೆ ಅಂತ ನೋಡಿದ್ರೆ ಮೂರು ಕಾಸಿಂದು. ಹನ್ನೆರಡು ಅಂತಸ್ತಿನ ಕಟ್ಟಡ, ಅದರಲ್ಲಿ ಲಿಫ್ಟ್ ನಡೆಸೋ ಹುಡುಗ. ಬೆಳಗ್ಗಿಂದ ಸಂಜೆ ತನಕ ಊರೋರನ್ನೆಲ್ಲ ಮೇಲಕ್ಕೆ ಮುಟ್ಟಿಸ್ತಾನೆ, ತಾನು ಮಾತ್ರ ಪ್ರತೀ ಸಲ ಕೆಳಕ್ಕೇ ಬರ್ತಾನೆ. ಮೇಲಿನ ಅಂತಸ್ತಲ್ಲಿ ಡಿಸ್ಕೋ ಕ್ಲಬ್ಬು. ಅದರ ಬಾಗಿಲ ತನಕ ದಿನಾ ಹೋಗ್ತಾನೆ, ಒಳಗೆ ಬಿಡಲ್ಲ. ಕೊನೇ ರೀಲಲ್ಲಿ ಹೋಗ್ತಾನಕ್ಕಾ, ಬೆಳ್ಳಿ ಕೋಟು ಹಾಕ್ಕೊಂಡು! ಕಾಲಿಟ್ಟ ಕಡೆ ನೆಲ ಹತ್ಕೊಳ್ಳುತ್ತೆ. ಕೆಂಪು, ನೀಲಿ, ಹಳದಿ. ಕಾಲು ತೆಗೆದ್ರೆ ಆರುತ್ತೆ. ಆಮೇಲೆ ನೀಲಿ ಚೌಕದ ಮೇಲೆ ನಿಂತು, ಲಿಫ್ಟಿನ ಹಿಡಿ ಎಳೆದಂಗೆ ಸೊಂಟದಿಂದ ಕೈ ನಿಧಾನಕ್ಕೆ ಮೇಲಕ್ಕೆ... ಮೊದಲು ಮೊಣಕೈ, ಆಮೇಲೆ ಹೆಗಲು, ಆಮೇಲೆ ಕತ್ತು, ಕೊನೆಗೆ ಹಿಮ್ಮಡಿ. ಇಡೀ ಮನುಷ್ಯ ಮೇಲಕ್ಕೆ ಹೋಗ್ತಾನೆ. ಟಾಕೀಸಿಗೆ ಟಾಕೀಸೇ ಎದ್ದು ನಿಲ್ಲುತ್ತೆ.

ನನ್ನ ಕ್ಲಾಸಿಗೆ ಒಬ್ರು ನರ್ಸಮ್ಮ ಬರ್ತಾರೆ, ಡ್ಯೂಟಿ ಮುಗಿಸ್ಕೊಂಡು, ಕಾಲು ಊದಿಸ್ಕೊಂಡು. ಐವತ್ತು ದಾಟಿದೆ. ಒಂದಿನ ಕೇಳ್ದೆ, ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಡಿಸ್ಕೋ ಅಂತ. "ದಿನಕ್ಕೆ ಹನ್ನೆರಡು ಗಂಟೆ ಈ ಕಾಲಲ್ಲಿ ಓಡಾಡ್ತೀನಿ ಮೇಷ್ಟ್ರೇ. ಒಂದ್ ಸಲ ಆದ್ರೂ ಕಾಲ ಕೆಳಗಿನ ನೆಲಕ್ಕೆ ನಾನು ಬಂದಿದ್ದು ಗೊತ್ತಾಗ್ಬೇಕು" ಅಂದ್ರು. ಇನ್ನೇನು ಹೇಳೋದಿದೆ? ಅದೇ ಅಕ್ಕಾ ಆ ಸಿನಿಮಾ. ಆ ಒಂದು ಮಾತಿಗೇ ಜನ ನಲವತ್ತು ವರ್ಷದಿಂದ ಟಿಕೆಟ್ ತಗೋತಿದಾರೆ.

ಆ ಹೀರೋ ಕೈ ಎತ್ತೋವಾಗ ಕ್ಯಾಮೆರಾ ಹತ್ರ ಬರುತ್ತೆ. ಬಲಗೈಲಿ ಹಳೇ ಗಡಿಯಾರ, ಗಾಜು ಬಿರುಕು ಬಿಟ್ಟಿದ್ದು. ಅವರಪ್ಪಂದು. ಕೈ ಮೇಲೆ ಹೋಗೋ ಹೊತ್ತಿಗೆ, ನಿಂತುಹೋಗಿದ್ದ ಮುಳ್ಳು ಟಕ್ ಅಂತ... ಯಾಕೆ? ಯಾಕೆ ಕೈ ನಿಲ್ಲಿಸ್ಬಿಟ್ಟೆ?

ಬಲಗೈಗೆ ಯಾರು ಗಡಿಯಾರ ಕಟ್ತಾರೆ ಅಂತಾನಾ? ಸಿನಿಮಾ ಹೀರೋ ಅಕ್ಕಾ, ಅವನಿಷ್ಟ. ಸ್ಟೈಲು. ...ಅಲ್ಲ, ತಡಿ. ನಾನು ಬಲಗೈ ಅಂದೆನಾ? ಎಡಗೈ. ಎಡಗೈಲಿ ಗಡಿಯಾರ, ಬಲಗೈ ಮೇಲಕ್ಕೆ. ಹಂಗೇ ಇರೋದು. ವಯಸ್ಸಾಯ್ತು, ಎಡ ಬಲ ಬಾಯಲ್ಲಿ ತಪ್ಪುತ್ತೆ. ನೀನು ಪಿನ್ನು ಚುಚ್ಚು. ...ಅಯ್ಯೋ, ಕೋಟಿಗೆ ಚುಚ್ಚು ಅಂದ್ರೆ ನನಗೆ ಚುಚ್ತೀಯಲ್ಲ! ಬೇಕಂತಾನೇ ಚುಚ್ಚಿದೆ ತಾನೇ? ಚಿಕ್ಕೋಳಿದ್ದಾಗ್ಲೂ ನಿಂದು ಇದೇ ಬುದ್ಧಿ.

ಬಟ್ಟೆ ಮಾತ್ರ ಒಂಚೂರೂ ಮಾಸಿಲ್ಲ ನೋಡು. ನಲವತ್ತು ವರ್ಷ ಟ್ರಂಕಲ್ಲಿತ್ತು. ಟಾಕೀಸಲ್ಲಿ ಪರದೆ ಬದಲಾಯಿಸಿದಾಗ ಅಪ್ಪ ಹಳೇದನ್ನ ಹೆಗಲ ಮೇಲೆ ಹೊತ್ಕೊಂಡು ಬಂದಿದ್ದ, ನೆನಪಿದೆಯಾ? ಕಸ ಗುಡಿಸೋನಿಗೆ ಟಾಕೀಸಿನೋರು ಕೊಟ್ಟ ಒಂದೇ ಒಂದು ಒಳ್ಳೇ ವಸ್ತು ಅದು. ಅಮ್ಮ ಅದರಲ್ಲಿ ಹಾಸಿಗೆ ಹೊದಿಕೆ ಮಾಡ್ತೀನಿ ಅಂದ್ಲು. ನೀನು ಅಳತೆ ಹಾಕಿ ನೋಡಿ, "ಎರಡು ಕೋಟು ಬರುತ್ತಮ್ಮಾ" ಅಂದೆ. ಇಪ್ಪತ್ತು ವರ್ಷ ನಿಂಗೆ ಆಗ. ಪರದೆ ಬಟ್ಟೆ ಬಿರುಸು, ಎಳೆದ್ರೆ ಬರಲ್ಲ, ಕೈ ಎತ್ತಿದ್ರೆ ಬಗಲಲ್ಲಿ ಹಿಡಿಯುತ್ತೆ ಅಂತ ಒಳಗೆ ಚೌಕದ ತುಂಡು ಬೇರೆ ಕೊಟ್ಟೆ. ಎತ್ತೋ ಕೈಯಿನ ಕಡೆ ಮಾತ್ರ. ಎರಡೂ ಕಡೆ ಕೊಡೋಕೆ ಬಟ್ಟೆ ಸಾಲದು ಅಂತ.

...ಹಾಂ. ಎತ್ತೋ ಕೈಯಿನ ಕಡೆ.

ಅದಿರ್ಲಿ. ಅಡುಗೆಮನೆ ನೆನಪಿದೆಯಾ ಅಕ್ಕಾ? ನಾನು ಟಾಕೀಸಿಂದ ಓಡಿ ಬರೋದು, ಮರೆಯೋದ್ರೊಳಗೆ ಹೆಜ್ಜೆ ನಿಂಗೆ ದಾಟಿಸೋದು. ಪಾತ್ರೆಯೆಲ್ಲ ಒಂದು ಮೂಲೆಗೆ ತಳ್ಳಿ, ಅಮ್ಮ ಬೈಯೋದ್ರೊಳಗೆ. ಆಗ್ಲೇ ನಲವತ್ತೊಂದು ಸಲ ನೋಡಿದ್ದೆ ಆ ಸಿನಿಮಾನ. ಬಾಲ್ಕನೀಲಿ ಕೂತು. ...ಯಾಕೆ ಆ ನಗು? ಕಸ ಗುಡಿಸೋನ ಮಗನಿಗೆ ಬಾಲ್ಕನಿ ಯಾರು ಕೊಟ್ರು ಅಂತಾನಾ? ಗೇಟ್‌ಕೀಪರ್ ಬಿಡ್ತಿದ್ದ. ಆಟ ಶುರು ಆದ್ಮೇಲೆ, ಸೀಟು ಖಾಲಿ ಇದ್ರೆ... ಬಿಡ್ತಿದ್ದ ಅಂದ್ನಲ್ಲ. ಪೇಪರಿನೋರು ಬಂದಾಗ್ಲೂ ಅದನ್ನೇ ಹೇಳಿದೀನಿ, ನಾಳೆ ಆ ಸೊಸೆ ಮೈಕಲ್ಲಿ ಕೇಳಿದ್ರೂ ಅದನ್ನೇ ಹೇಳೋದು.

ನೀನು ಮಾತ್ರ... ಹೇಳ್ಬಿಡ್ತೀನಿ ಇವತ್ತು. ನಾನು ನಲವತ್ತೊಂದು ಸಲ ನೋಡಿ ಕಲ್ತಿದ್ದನ್ನ, ನೀನು ಒಂದ್ ಸಲ ನನ್ನ ನೋಡಿ ಕಲ್ತುಬಿಡ್ತಿದ್ದೆ. ನಾನು ಹಾಕಿದ್ರೆ ಹೆಜ್ಜೆ, ನೀನು ಹಾಕಿದ್ರೆ ಕುಣಿತ. ಅಮ್ಮ ಬೈಯೋಕೆ ಅಂತ ಸೌಟು ಹಿಡ್ಕೊಂಡು ಬಂದೋಳು ಬಾಗಿಲಲ್ಲೇ ನಿಂತುಬಿಟ್ಲು. ಅಪ್ಪ ಅಂದ, "ನೋಡೋ, ನಿಮ್ಮಕ್ಕನ್ನ ನೋಡಿ ಕಲಿ." ಸಿನಿಮಾ ನೋಡಿದೋನು ನಾನು, ಕಲಿಸಿದೋನು ನಾನು, "ಅಕ್ಕನ್ನ ನೋಡಿ ಕಲಿ" ಅಂತೆ.

ಈಗ್ಲೂ ನೀನು ಮಿಷನ್ ತುಳಿಯೋದು ಅದೇ ತಾಳದಲ್ಲಿ. ಗೊತ್ತಿಲ್ಲ ಅಂದ್ಕೊಂಡಿದೀಯಾ? ಬೀದೀಲಿ ಹೋಗ್ತಾ ಕೇಳಿಸ್ಕೊಂಡು ಎಷ್ಟೋ ಸಲ ನಿಂತಿದೀನಿ, ಒಳಗೆ ಬರದೇ.

ಕೇಳಿಸ್ತಾ? ಪ್ರಚಾರದ ಗಾಡಿ. ಅದೇ ಹಾಡು. ಬೆಳಗ್ಗಿಂದ ಎಂಟನೇ ಸಲ ಈ ಬೀದಿಗೆ ಬಂದಿದೆ... ಕಿಟಕಿ ಹಾಕ್ಲಾ? ಧೂಳು. ಬೇಡ್ವಾ? ಸರಿ.

ಆ ದಿನದ ವಿಷಯ ನಾವು ಕೂತು ಮಾತಾಡೇ ಇಲ್ಲ ಅಲ್ವಾ ಅಕ್ಕಾ. ಏನಿದೆ ಮಾತಾಡೋಕೆ? ತಪ್ಪು ಎಲ್ರಿಗೂ ಆಗುತ್ತೆ. ಟಾಕೀಸಿನೋರು ಇಟ್ಟ ಡಿಸ್ಕೋ ಸ್ಪರ್ಧೆ, ಇಡೀ ಊರು ಸೇರಿದೆ, ಜಡ್ಜುಗಳೆಲ್ಲ ಸಿನಿಮಾ ಅರೆದು ಕುಡಿದೋರು. ನೀನು ನನ್ನ ಬಲಕ್ಕೆ ನಿಂತಿದ್ದೆ. ನಾನು ಬಲಗೈ ಎತ್ತಿದೆ, ನೀನು ಎಡಗೈ ಎತ್ತಿದೆ. ನನ್ನ ಮೊಣಕೈ ನಿನ್ನ ಮೂಗಿಗೆ ಬಡೀತು. ನೀನು ಕೂತ್ಬಿಟ್ಟೆ. ಯಾರೋ ಹಿಂದಿನಿಂದ "ಉಲ್ಟಾ! ಉಲ್ಟಾ!" ಅಂದ್ರು, ಆಮೇಲೆ ಎಲ್ರೂ ಅಂದ್ರು. ನಾನು ನಿಲ್ಲಿಸ್ಲಿಲ್ಲ. ಹಾಡು ಮುಗಿಯೋ ತನಕ ಕುಣಿದೆ. ನಿಲ್ಲಿಸ್ಬಾರ್ದು ಅಂತ ತಾನೇ ರೂಲು ಇದ್ದದ್ದು? ಬಹುಮಾನದ ಕಪ್ಪು ನಂಗೆ ಬಂತು, ಹೆಸರು ನಂಗೆ ಬಂತು, ಅದರಿಂದಾನೇ ಅನ್ನ ಬಂತು. ನಿಂಗೆ ಆ ಅಡ್ಡಹೆಸರು ಬಂತು.

ಮನೆಗೆ ಬಂದ್ಮೇಲೆ ನಾನು ಹೇಳಿದ್ದು ಒಂದೇ ಮಾತು. "ಬಲಗೈ ಅಂತ ಹೇಳಿಕೊಟ್ಟಿದ್ನಲ್ಲ ಅಕ್ಕಾ, ಮರ್ತುಬಿಟ್ಟೆಯಾ?" ಅಂತ. ನೀನು ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಸುಮಾರು ಹೊತ್ತು ನನ್ನ ನೋಡಿದೆ. ಆಮೇಲೆ "ನಾನೇ ಮರ್ತಿರ್ಬೇಕು ಕಣೋ" ಅಂದೆ. ಅಂದೆ ತಾನೇ? ನೀನೇ ಅಂದಿದ್ದು.

ಅವತ್ತಿಂದ ಒಂದ್ ಹೆಜ್ಜೆ ಹಾಕ್ಲಿಲ್ಲ. ನನ್ನ ಮದುವೇಲಿ ಎಲ್ರೂ ಕುಣಿದ್ರು, ನೀನು ಮಕ್ಕಳನ್ನ ನೋಡ್ಕೋತೀನಿ ಅಂತ ಮೂಲೇಲಿ ಕೂತೆ. ಈ ಕೋಟನ್ನೂ ಅವತ್ತಿಂದ ಮುಟ್ಟಿಲ್ಲ ನೀನು. ಸ್ಟೇಜಿಂದ ಇಳಿದೋನು ಕಳಚಿ ಟ್ರಂಕಿಗೆ ಹಾಕಿ ಬೀಗ ಜಡಿದೆ. ಬೀಗದ ಕೈ ನನ್ನ ಹತ್ರಾನೇ ಇದೆ ಇವತ್ತಿನ ತನಕ. ...ಬೀಗ ಯಾಕೆ ಅಂದ್ರೆ? ಇಲಿ ಇದ್ವು ಅಕ್ಕಾ ಮನೇಲಿ.

ಇಲಿ ಬೀಗ ತೆಗೆಯುತ್ತಾ ಅಂತ ನಗ್ತೀಯಾ. ನಗು, ನಗು.

ಏ, ಇದೇನಿದು? ಪಕ್ಕದಲ್ಲಿ ಸೇರಿಸ್ತಿರೋ ಈ ತುಂಡು... ಇದೂ ಬೆಳ್ಳೀದೇ. ಇಷ್ಟು ಸರಿಯಾಗಿ ಹೊಂದೋ ಬಟ್ಟೆ ಎಲ್ಲಿ ಸಿಕ್ತು ನಿಂಗೆ? ಅಂಗಡೀಲಿ ಸಿಗಲ್ಲ ಇದು. ಇದು ಅದೇ ಪರದೆ... ಗುಂಡಿ ಕಾಜಾ ಬೇರೆ ಇದೆ ಇದರಲ್ಲಿ. ಅಕ್ಕಾ. ನಿನ್ನ ಕೋಟಾ? ನಿನ್ನ ಕೋಟು ಕತ್ತರಿಸ್ಬಿಟ್ಟೆಯಾ? ಇಷ್ಟು ವರ್ಷ ಇಟ್ಕೊಂಡಿದ್ದು, ನನ್ನ ಹೊಟ್ಟೆ ತುಂಬ್ಸೋಕೆ? ಒಂದ್ ಮಾತು ಕೇಳ್ಬಾರ್ದಿತ್ತಾ... ಬೇಡ ಅಂತಿದ್ದೆ ನಾನು. ಖಂಡಿತ ಬೇಡ ಅಂತಿದ್ದೆ.

ಹೆಗಲು ತಟ್ಟಿ ಸಮಾಧಾನ ಮಾಡ್ಬೇಡ ನನ್ನ. ನೀನು ಹಿಂಗೆ ಮಾಡಿದ್ರೆ ನಂಗೆ ಒಂಥರಾ ಆಗುತ್ತೆ.

ಬಿಚ್ಚಬೇಕಾ? ಸರಿ, ತಗೋ, ಕಳಚ್ತೀನಿ. ಹುಷಾರು, ಪಿನ್ನು. ತೋಳು ಎಳಿ... ಹಾಂ. ಮೇಜಿನ ಮೇಲೆ ಹಾಕು. ಪಕ್ಕದ ಹೊಲಿಗೆ ಹೊಡೆದು ಕೊಟ್ಬಿಡು, ನಾನು ಹೊರಡ್ತೀನಿ. ಬಗಲಿಗೆ ಏನೂ ಬೇಡ, ಹಂಗೇ ಅಡ್ಜಸ್ಟ್ ಮಾಡ್ಕೋತೀನಿ. ಕೈ ಅರ್ಧಕ್ಕೇ ಎತ್ತುತೀನಿ, ಯಾರು ನೋಡ್ತಾರೆ ಅದನ್ನ... ಅಕ್ಕಾ, ಉಲ್ಟಾ ಮಾಡ್ಬೇಡ. ಬೇಡ ಅಂದ್ನಲ್ಲ! ಕೊಡು ಇಲ್ಲಿ.

ಉಲ್ಟಾ ಮಾಡೇಬಿಟ್ಟೆ.

ಅದಾ? ಅದೇನೋ ಹಳೇ ಹೊಲಿಗೆ. ಹುರಿದಾರ ಇದ್ದಂಗಿದೆ. ಪೋಸ್ಟರ್ ಕಟ್ತಾರಲ್ಲ, ಆ ದಾರ. ಬಗಲು ಸ್ವಲ್ಪ ಹರಿದಿತ್ತು, ನಾನೇ ಹಾಕ್ಕೊಂಡಿದ್ದೆ. ಸ್ಟೇಜ್ ಮೇಲೆ ಹರಿದಿದ್ದು, ಅವತ್ತು. ನಿಂಗೆ ಬಡೀತಲ್ಲ, ಆಗಲೇ. ಮನೆಗೆ ಬಂದು ಹೊಲ್ಕೊಂಡೆ... ನಂಗೆಲ್ಲಿ ಹೊಲಿಯೋಕೆ ಬರುತ್ತೆ, ನೋಡು ಹೆಂಗಿದೆ, ಹೇನು ಸಾಲಾಗಿ ಹೋದಂಗೆ. ಹಹ. ...ನಗ್ಲಿಲ್ಲ ನೀನು.

ಎಷ್ಟು ಪಿನ್ನು ಉಳಿದಿದೆ ಬಾಯಲ್ಲಿ? ಒಂದಾ? ಅದನ್ನೂ ಮೆತ್ತೆಗೆ ಚುಚ್ಚಿಬಿಟ್ಟೆ. ಸರಿ, ಬಾಯಿ ಖಾಲಿ ಆಯ್ತು. ಇನ್ನು ಬೈಯಿ. ಒಂದ್ ಗಂಟೆಯಿಂದ ನಾನೊಬ್ನೇ ಒದರ್ತಿದೀನಿ, ನಿನ್ನ ಸರದಿ ಈಗ. ಮಾತಾಡು.

ಮಾತಾಡಕ್ಕಾ.

ಬಾಯಲ್ಲಿ ಪಿನ್ನಿಲ್ಲ, ಏನಿಲ್ಲ. ಯಾಕೆ ಸುಮ್ನಿದೀಯಾ?

...ಸ್ಟೇಜ್ ಮೇಲೆ ಹರಿದಿದ್ದಲ್ಲ. ಸರಿ. ಸ್ಟೇಜ್ ಮೇಲೆ ಹರಿದಿದ್ದಲ್ಲ ಅದು. ಅದಕ್ಕೂ ಮೂರು ದಿನ ಮುಂಚೆ, ಟಾಕೀಸಿನ ಮಾಳಿಗೇಲಿ. ಹುರಿದಾರ ಸಿಗೋದು ಅಲ್ಲೇ ತಾನೇ, ಮನೇಲೆಲ್ಲಿ ಇತ್ತು? ಒಬ್ನೇ ಪ್ರಾಕ್ಟೀಸ್ ಮಾಡ್ತಿದ್ದೆ. ಬಲಗೈ ಎತ್ತಿದೆ, ಪರ್ ಅಂತು. ನೀನು ತುಂಡು ಕೊಟ್ಟಿದ್ದು ಎಡಗಡೆಗೆ. ಯಾಕೆ ಅಂದ್ರೆ ನಾನು ಎಡ ಅಂತ ಹೇಳಿದ್ದೆ. ಎಡಗೈ ಅಂತಾನೇ ಹೇಳಿಕೊಟ್ಟಿದ್ದೆ ನಿಂಗೆ ಅಕ್ಕಾ. ನೀನು ಮರೀಲಿಲ್ಲ. ನೀನು ಏನನ್ನೂ ಮರ್ತಿರ್ಲಿಲ್ಲ.

ಬಾಲ್ಕನಿಯೆಲ್ಲ ಸುಳ್ಳು. ನಾನು ಕೂರ್ತಿದ್ದದ್ದು ಪರದೆ ಹಿಂದೆ. ಅಪ್ಪ ಪೊರಕೆ ಇಡ್ತಿದ್ದ ಜಾಗದಲ್ಲಿ, ಒಂದು ಮುರಿದ ಸ್ಟೂಲ್ ಮೇಲೆ. ಟಿಕೆಟ್ ಇಲ್ದೋನಿಗೆ ಅದೇ ಬಾಲ್ಕನಿ. ಹಿಂದಿನಿಂದ ನೋಡಿದ್ರೆ ಎಲ್ಲಾ ಅದಲುಬದಲು ಅಲ್ವಾ? ಗಡಿಯಾರ ಬಲಗೈಲಿ, ಬೈತಲೆ ಆ ಕಡೆ, ಎತ್ತೋದು ಎಡಗೈ. ಹೆಸರು ಬರೋವಾಗ ಅಕ್ಷರ ಉಲ್ಟಾ ಕಾಣ್ತಿದ್ದು ಗೊತ್ತಿತ್ತು ನಂಗೆ. ಅಕ್ಷರ ಉಲ್ಟಾ ಆದ್ರೆ ಕೈಯೂ ಉಲ್ಟಾ ಅಂತ ಹೊಳೀಲೇ ಇಲ್ಲ! ಎದುರಿಗೆ ನಿಂತೋನ ಎಡ ಯಾವುದು, ಬಲ ಯಾವುದು, ಎಲ್ಲಾ ಸರಿಯಾಗೇ ಲೆಕ್ಕ ಹಾಕಿದ್ದೆ. ಕೂತ ಜಾಗ ತಪ್ಪು ಅಷ್ಟೆ.

ಸ್ಪರ್ಧೆಗೆ ನಾಲ್ಕು ದಿನ ಇರೋವಾಗ, ನಲವತ್ತೊಂದನೇ ಸಲ, ಗೇಟ್‌ಕೀಪರ್ ನಿಜವಾಗ್ಲೂ ಒಳಗೆ ಬಿಟ್ಟ. ಮುಂದೆ ಕೂತು ನೋಡಿದೆ. ಬಲಗೈ! ನಿಂಗೆ ಹೇಳ್ಬೇಕು ಅಂತ ಓಡಿ ಬಂದೆ ಅಕ್ಕಾ, ದೇವರಾಣೆ, ಓಡೇ ಬಂದೆ. ಬಂದ್ರೆ ನೀನು ಅಡುಗೆಮನೇಲಿ ಒಬ್ಳೇ ಕುಣೀತಿದ್ದೆ. ಎಡಗೈ ಎತ್ಕೊಂಡು, ಕಣ್ಮುಚ್ಕೊಂಡು. ಕೈ ತಪ್ಪು, ಬೇರೆಲ್ಲಾ ಸರಿ. ನಾನು ಆಗಷ್ಟೇ ನೋಡಿ ಬಂದಿದ್ದ ಹೀರೋಗಿಂತ ಚೆನ್ನಾಗಿತ್ತು. ಅಪ್ಪ ಕೂತು ನೋಡ್ತಿದ್ದ, ಅವನ ಕಣ್ಣಲ್ಲಿ ನೀರು. ನನ್ನ ನೋಡಿ ಅಪ್ಪ ಯಾವತ್ತೂ ಹಂಗೆ ಕೂತಿರ್ಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಬಂತು, ನಾಡಿದ್ದು ಅಂದ್ಕೊಂಡೆ. ಹೊಟ್ಟೆಕಿಚ್ಚು ಅಕ್ಕಾ. ಬೇರೆ ಏನೂ ಅಲ್ಲ. ಅದಕ್ಕೆ ಇನ್ನೊಂದು ಹೆಸರಿಲ್ಲ.

ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದಂಗೆ. ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಅಂತ ನಲವತ್ತು ವರ್ಷ ಕುಡಿದೆ. ಇವತ್ತು ನಿಂಗೆ ಗೊತ್ತಾಯ್ತಲ್ಲ. ಹೊಡಿ. ಆ ಕತ್ತರಿ ತಗೊಂಡು ಕೋಟು ಚಿಂದಿ ಮಾಡು. ಏನಾದ್ರೂ ಮಾಡು, ಹಿಂಗೆ ಸುಮ್ನೆ ಮಾತ್ರ ನೋಡ್ಬೇಡ...

ಏನು? ಅಲ್ಲೇನು ತೋರಿಸ್ತೀಯಾ? ಆ ಹುರಿದಾರ ನಂದೇ ಅಂದ್ನಲ್ಲ. ಅದರ ಮೇಲೆ... ತಡಿ, ಕನ್ನಡಕ ಹಾಕ್ಕೋತೀನಿ. ಅದರ ಮೇಲೆ ಮಿಷನ್ ಹೊಲಿಗೆ. ಎರಡು ಸಾಲು. ಸಣ್ಣಗೆ, ಒತ್ತೊತ್ತಾಗಿ. ಕೆಳಗೆ ಒಂದು ತುಂಡು ಬೇರೆ ಕೊಟ್ಟಿದೆ, ಮತ್ತೆ ಹರೀಬಾರ್ದು ಅಂತ. ಇದು ನಂದಲ್ಲ. ನಂಗೆ ಮಿಷನ್ ಬರಲ್ಲ. ಇದ್ಯಾರು...

ಇವತ್ತು ಹಾಕಿದ್ದಲ್ಲ ತಾನೇ? ಅಲ್ಲ. ದಾರ ಬಟ್ಟೆಯಷ್ಟೇ ಹಳೇದು, ಹಳದಿಗೆ ತಿರುಗಿದೆ. ಸ್ಟೇಜಿಂದ ಇಳಿದ್ಮೇಲೆ ಟ್ರಂಕಿಗೆ ಹೋಗಿದ್ದು. ಬೀಗ ನನ್ನ ಹತ್ರ. ಹಂಗಾದ್ರೆ ಅದಕ್ಕೂ ಮುಂಚೆ... ಸ್ಪರ್ಧೆಯ ಹಿಂದಿನ ಸಂಜೆ. ಇಸ್ತ್ರಿ ಮಾಡ್ತೀನಿ ಅಂತ ಎರಡೂ ಕೋಟು ಇಸ್ಕೊಂಡಿದ್ದೆ ನೀನು. ಬೆಳಗ್ಗೆ ಮಡಚಿ ಕೊಟ್ಟೆ, ಏನೂ ಅನ್ಲಿಲ್ಲ. ಮಡಿಕೆ ಬಿಚ್ಚಿ ಹಾಕ್ಕೊಂಡೆ, ಒಳಗೆ ನೋಡ್ಲಿಲ್ಲ ನಾನು.

ಸ್ಟೇಜ್ ಹತ್ತೋಕೆ ಮುಂಚೇನೇ ಗೊತ್ತಿತ್ತಾ ನಿಂಗೆ?

ಬಗಲು ನೋಡಿದ್ರೆ ಕೈ ಗೊತ್ತಾಗಲ್ವಾ ಟೈಲರಿಗೆ! ಬಲಗಡೆ ಹರಿದಿದೆ, ಕದ್ದು ಹೊಲಿದಿದೆ... ಗೊತ್ತಾಗಿದೆ. ಗೊತ್ತಾಗಿ ಸ್ಟೇಜ್ ಮೇಲೆ ಹರಿದು ನನ್ನ ಮಾನ ಹೋಗ್ಬಾರ್ದು ಅಂತ ಮೇಲೆ ಎರಡು ಸಾಲು ಹೊಡೆದಿದೀಯಾ. ಆಮೇಲೆ ಸ್ಟೇಜ್ ಹತ್ತಿ ಎಡಗೈ ಎತ್ತಿದೀಯಾ. ಯಾಕೆ? ನೀನೂ ಬಲಗೈ ಎತ್ತಬಹುದಿತ್ತಲ್ಲ. ಒಂದು ರಾತ್ರಿ ಇತ್ತು. ಬದಲಾಯಿಸ್ಕೊಳ್ಳೋಕೆ ನಿಂಗೆ ಒಂದು ಗಳಿಗೆ ಸಾಕಿತ್ತು! ಯಾಕಕ್ಕಾ...

ನಾನು ಹೇಳ್ತೀನಿ ಅಂತ ಕಾಯ್ತಿದ್ದೆಯಾ? ಬೆಳಗ್ಗೆ ಕೋಟು ಕೊಡೋವಾಗ, ದಾರೀಲಿ ನಡೆಯೋವಾಗ, ಸ್ಟೇಜಿನ ಮೆಟ್ಟಿಲ ಹತ್ರ... "ಏನಾದ್ರೂ ಹೇಳೋದಿದೆಯೇನೋ?" ಅಂತ ಕೇ... ಕೇಳಿದ್ದೆ ನೀನು. ಮೆಟ್ಟಿಲ ಹತ್ರ. ಕೇಳಿದ್ದೆ. ನಾನು ಇಲ್ಲ ಅಂದೆ. ಹಂಗಾದ್ರೆ ತಮ್ಮ ಹೇಳಿಕೊಟ್ಟಿದ್ದೇ ಸರಿ ಅಂತ, ಹೇಳಿಕೊಟ್ಟಂಗೇ ಎತ್ತಿದೆ. ಮೂಗು ಒಡ್ಕೊಂಡು ಮನೆಗೆ ಬಂದ್ಮೇಲೂ ಒಂದ್ ಸಲ ಕಾದೆ. ನಾನೇನು ಅಂದೆ? ಮರ್ತುಬಿಟ್ಟೆಯಾ ಅಂದೆ.

ನಲವತ್ತು ವರ್ಷ ನಿನ್ನ ಹೊಲಿಗೆ ಮೇಲೆ ನಿಂತಿದ್ದೆ ನಾನು. ಬೀಗ ಹಾಕಿ ಇಟ್ಟಿದ್ದೂ ನಿನ್ನ ಹೊಲಿಗೇನೇ.

...ಕೋಟು ಯಾಕೆ ಮತ್ತೆ ನನ್ನ ಹೆಗಲಿಗೆ ಹಾಕ್ತೀಯಾ? ಬೇಡ ಅಕ್ಕಾ. ನಾಳೆ ಹೋಗಲ್ಲ ನಾನು. ಯಾವ ಮುಖ ಇಟ್ಕೊಂಡು... ತೋಳು ತೂರಿಸು ಅಂತೀಯಾ? ತೂರಿಸಿದೆ. ನೋಡು, ನಿಂಗೆ ಒಂದ್ ಮಾತು ಹೇಳ್ತೀನಿ, ಪಿನ್ನು ಕಚ್ಕೊಳ್ಳದೇ ಕೇಳು. ಬಂದ್ರೆ ಒಟ್ಟಿಗೆ ಹೋಗೋಣ. ಶಾಲು ಹೊದಿಸೋಕೆ ಮುಂಚೆ ಮೈಕ್ ಇಸ್ಕೋತೀನಿ. ಪರದೆ ಹಿಂದಿನ ಸ್ಟೂಲು ಅಂತಾನೂ ಹೇಳ್ತೀನಿ, ಉಲ್ಟಾ ಆಗಿದ್ದು ಯಾರು ಅಂತಾನೂ ಹೇಳ್ತೀನಿ. ಆಮೇಲೆ ಎತ್ತುತೀನಿ. ಎಡಗೈ. ನೀನು ಮೊದಲು ಹೊಲಿದ ಕಡೆ. ಅದನ್ನ ನಾನು ಒಂದ್ ಸಲಾನೂ...

ಈಗ್ಲೇ ಎತ್ತು ಅಂತ ಕೈ ಹಿಡೀತೀಯಾ? ಇರು, ನಿಧಾನ. ಪಿನ್ನು ಚುಚ್ಚುತ್ತೆ. ಮೊಣಕೈ... ಹೆಗಲು... ಕತ್ತು... ಹಿಮ್ಮಡಿ.

ಅಕ್ಕಾ. ಎಲ್ಲೂ ಹಿಡೀತಾನೇ ಇಲ್ಲ.